ರೈಲಿನ ಪೋರ್ಟರ್ 40 ಸಿನಿಮಾ ಮಾಡಿದ್ದು ಹೇಗೆ?

ಪ್ರಶ್ನೆ: ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಆಸ್ಕರ್ ಮಿಶೋ ಅನ್ನುವ ಆಫ್ರಿಕನ್-ಅಮೆರಿಕನ್ ಒಬ್ಬರು ರೈಲಿನಲ್ಲಿ ಪೋರ್ಟರ್ ಆಗಿದ್ದರಂತೆ. ಆಮೇಲೆ ಸ್ವಂತ ಕಂಪನಿ ಕಟ್ಟಿ 40 ಸಿನಿಮಾ ಮಾಡಿದರಂತೆ. ಒಂದು ಪುಟ್ಟ ವಿಡಿಯೊದಲ್ಲಿ ನೋಡಿದೆ. ‘ಕಷ್ಟಪಟ್ಟರೆ ಎಲ್ಲವೂ ಸಾಧ್ಯ’ ಎಂದು ಹೇಳಿ ಮುಗಿಸಿಬಿಟ್ಟರು. ಕಷ್ಟ ಎಲ್ಲರೂ ಪಡುತ್ತಾರಲ್ಲ ಸಾರ್. ಆ ಕಾಲದಲ್ಲಿ ಅವರಿಗೆ ದುಡ್ಡು ಕೊಟ್ಟವರು ಯಾರು? ಸಿನಿಮಾ ನೋಡಿದವರು ಯಾರು? ನಿಜಕ್ಕೂ ಗೆದ್ದರಾ?

ಉತ್ತರ: ವಿಡಿಯೊದಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಕತೆಯ ನಡುಭಾಗವನ್ನೇ ಹಾರಿಸಿದ್ದಾರೆ. ನಿಮ್ಮ ಮೂರು ಪ್ರಶ್ನೆಗೂ ಉತ್ತರ ಇರುವುದು ಆ ನಡುಭಾಗದಲ್ಲೇ. ನನ್ನನ್ನು ಕೇಳಿದರೆ ಮಿಶೋ ಮೊದಲು ವ್ಯಾಪಾರಿ, ಆಮೇಲೆ ನಿರ್ದೇಶಕ. ಸಾಮಾನು ತಯಾರಾಗುವ ಮೊದಲೇ ಅದನ್ನು ಮಾರಿಬಿಡುವ ಕಲೆ ಅವರಿಗೆ ಸಿದ್ಧಿಸಿತ್ತು. ಆ ಕಲೆಯನ್ನು ಅವರು ಕಲಿತದ್ದು ಸಿನಿಮಾ ರಂಗದಲ್ಲಲ್ಲ.

ಮಿಶೋ ಹುಟ್ಟಿದ್ದು 1884ರಲ್ಲಿ, ಇಲಿನಾಯ್ ರಾಜ್ಯದ ಮೆಟ್ರೊಪೊಲಿಸ್ ಎಂಬ ಊರಿನ ಹತ್ತಿರ. ತಂದೆ ಗುಲಾಮಗಿರಿಯಲ್ಲಿ ಹುಟ್ಟಿದವರು. ಮನೆ ತುಂಬ ಮಕ್ಕಳು, ಸಣ್ಣ ಹೊಲ. ಹದಿನೇಳರ ಹೊತ್ತಿಗೆ ಶಿಕಾಗೊ ಸೇರಿದರು. ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ಒಂದಷ್ಟು ದಿನ ದುಡಿದರು. ಕೆಲಸ ಕೊಡಿಸುತ್ತೇನೆಂದ ಏಜೆನ್ಸಿಯೊಂದು ಎರಡು ಡಾಲರ್ ಕಿತ್ತುಕೊಂಡು ಕೈಕೊಟ್ಟಿತು. ಕೊನೆಗೆ ಬಿಳಿಯರ ಬಡಾವಣೆಯ ಕ್ಷೌರದಂಗಡಿಯೊಂದರಲ್ಲಿ ಶೂ ಪಾಲಿಶ್ ಮಾಡಲು ಕೂತರು. ಬರುವವರೆಲ್ಲ ದುಡ್ಡಿದ್ದವರು. ಅವರ ಮಾತಿಗೆ ಕಿವಿಗೊಡುತ್ತಾ ವ್ಯವಹಾರ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರು.

ಅಲ್ಲಿಂದ ಪುಲ್‌ಮನ್ ಕಂಪನಿಯ ಮಲಗುವ ಬೋಗಿಗಳಲ್ಲಿ ಪೋರ್ಟರ್. ಈ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ರಾತ್ರಿ ಹಾಸಿಗೆ ಹಾಸುವುದು, ಬೆಳಿಗ್ಗೆ ಮಡಚುವುದು, ಪ್ರಯಾಣಿಕರು ಮಲಗಿದಾಗ ಅವರ ಶೂ ಹೊಳಪು ಮಾಡಿಡುವುದು, ಪೆಟ್ಟಿಗೆ ಹೊರುವುದು. ಸಂಬಳ ಅಷ್ಟಕ್ಕಷ್ಟೇ, ಬದುಕು ನಡೆಯುತ್ತಿದ್ದದ್ದು ಟಿಪ್ಸ್ ಮೇಲೆ. ಕಂಪನಿ ಕಟ್ಟಿದವರು ಜಾರ್ಜ್ ಪುಲ್‌ಮನ್. ಹಾಗಾಗಿ ಪೋರ್ಟರ್ ಯಾರೇ ಇರಲಿ, ಪ್ರಯಾಣಿಕರು ಕರೆಯುತ್ತಿದ್ದದ್ದು ‘ಜಾರ್ಜ್’ ಅಂತಲೇ. ಸ್ವಂತ ಹೆಸರಿಗೂ ಬೆಲೆ ಇರಲಿಲ್ಲ. ಆದರೂ ಆ ಕಾಲದ ಕಪ್ಪು ಜನರಿಗೆ ಇದು ಮರ್ಯಾದೆಯ ಕೆಲಸ. ಮಿಶೋ ದೇಶ ಸುತ್ತಿದರು, ದುಡ್ಡು ಕೂಡಿಸಿದರು. ಆ ದುಡ್ಡಿನಲ್ಲಿ ಎಲ್ಲವೂ ಸಂಬಳ, ಟಿಪ್ಸ್ ಅಂದುಕೊಳ್ಳಬೇಡಿ. ಹೆಸರು ಬದಲಿಸಿ ತಮ್ಮದೇ ಕತೆ ಬರೆದ ಮೊದಲ ಪುಸ್ತಕದಲ್ಲಿ, ಟಿಕೆಟ್ ದುಡ್ಡನ್ನು ಕಂಡಕ್ಟರ್ ಮತ್ತು ಪೋರ್ಟರ್ ಸೇರಿ ಹೇಗೆ ಜೇಬಿಗಿಳಿಸುತ್ತಿದ್ದರು ಎಂಬುದನ್ನು ನಾಚಿಕೆ ಇಲ್ಲದೆ ಬರೆದಿದ್ದಾರೆ. ಸ್ಫೂರ್ತಿ ಕೊಡುವ ವಿಡಿಯೊಗಳಲ್ಲಿ ಇದೆಲ್ಲ ಬರುವುದಿಲ್ಲ, ಅಲ್ವಾ?

ಕೂಡಿಟ್ಟ ದುಡ್ಡಿನಲ್ಲಿ ಮಾಡಿದ್ದೇನು ಗೊತ್ತಾ? ದಕ್ಷಿಣ ಡಕೋಟಾದ ಗ್ರೆಗರಿ ಎಂಬಲ್ಲಿ ಜಮೀನು ಹಿಡಿದರು. 1904ರಲ್ಲಿ ಸರ್ಕಾರ ಅಲ್ಲಿನ ರೋಸ್‌ಬಡ್ ಪ್ರದೇಶದ ಭೂಮಿಯನ್ನು ಲಾಟರಿ ಎತ್ತಿ ಹಂಚಿತ್ತು. ಅದು ಲಕೋಟಾ ಮೂಲನಿವಾಸಿಗಳಿಂದ ಪಡೆದ ನೆಲ. ಮಿಶೋ ಅವರ ಏಳಿಗೆಯ ಲೆಕ್ಕದಲ್ಲಿ ಅದೂ ಇದೆ, ಮರೆಯಬಾರದು. ಸುತ್ತ ಎಲ್ಲ ಬಿಳಿಯ ರೈತರು, ನಡುವೆ ಇಪ್ಪತ್ತೊಂದರ ಹುಡುಗ. ಬೇಸಾಯ ಸರಿಯಾಗಿ ಗೊತ್ತಿಲ್ಲ. ಹೇಸರಗತ್ತೆ ಕೊಳ್ಳಲು ಹೋದರೆ ಕೆಲಸಕ್ಕೆ ಬಾರದವನ್ನು ಕೈಗೆ ಕಟ್ಟಿ ಕಳಿಸುತ್ತಿದ್ದರು. ನೆರೆಯವರು ನಕ್ಕರು. ಆದರೆ ಪಟ್ಟು ಬಿಡದೆ ಉತ್ತರು. ಹುಲ್ಲು ಗಟ್ಟಿಯಾಗಿ ಬೇರು ಬಿಟ್ಟ ನೆಲವನ್ನು ನೆರೆಯವರಿಗಿಂತ ಜಾಸ್ತಿಯೇ ಉತ್ತು ತೋರಿಸಿದ ಮೇಲೆ ನಗು ನಿಂತಿತು. ಆ ನೆರೆಹೊರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲಿನ ಕೆಲವು ವರ್ಷ ಬರೀ ಹೊಡೆತ. 1910ರಲ್ಲಿ ಶಿಕಾಗೊದ ಪಾದ್ರಿಯೊಬ್ಬರ ಮಗಳನ್ನು ಮದುವೆಯಾದರು. ಹುಟ್ಟಿದ ಮಗು ಉಳಿಯಲಿಲ್ಲ. ಹೆಂಡತಿ ತಂದೆಯ ಜೊತೆ ತವರಿಗೆ ಹೋದವರು ವಾಪಸ್ ಬರಲಿಲ್ಲ. ಹೆಂಡತಿಯ ಹೆಸರಲ್ಲಿದ್ದ ಜಮೀನನ್ನೂ ಮಾವನೇ ಮಾರಿಬಿಟ್ಟರು ಎಂಬುದು ಮಿಶೋ ಅವರ ಕಡೆಯ ಕತೆ. ಜೊತೆಗೆ ಬರಗಾಲ ಬಂತು, ಸಾಲ ತೀರಲಿಲ್ಲ, ಹೊಲ ಕೈಬಿಟ್ಟಿತು. ಈ ಮಾವನನ್ನು ಅವರು ಜೀವನಪೂರ್ತಿ ಬಿಡಲಿಲ್ಲ. ಕಾದಂಬರಿಗಳಲ್ಲಿ, ಸಿನಿಮಾಗಳಲ್ಲಿ ಕಳ್ಳ ಪಾದ್ರಿ ಮತ್ತೆ ಮತ್ತೆ ಬರುತ್ತಾನೆ.

ಇಲ್ಲಿಂದ ಅಸಲಿ ಕತೆ ಶುರು. 1913ರಲ್ಲಿ ತಮ್ಮ ಬದುಕನ್ನೇ ಕಾದಂಬರಿ ಮಾಡಿ, ಲೇಖಕರ ಹೆಸರು ಹಾಕದೆ, ತಾವೇ ಅಚ್ಚು ಹಾಕಿಸಿದರು. ಮಾರುವುದಕ್ಕೆ ಪುಸ್ತಕದಂಗಡಿಗೆ ಹೋಗಲಿಲ್ಲ. ಅದೇ ಬಿಳಿಯ ರೈತರ ಮನೆ ಮನೆಗೆ ಹೋಗಿ ಬಾಗಿಲು ತಟ್ಟಿದರು. ಮುಂಗಡ ಆರ್ಡರ್ ಬರೆದುಕೊಂಡರು. ಆ ಆರ್ಡರ್ ತೋರಿಸಿ ಪ್ರೆಸ್ಸಿನವರನ್ನು ಒಪ್ಪಿಸಿದರು. ಹೊಲ ಕಳೆದುಕೊಂಡವನ ಪುಸ್ತಕವನ್ನು ಅಕ್ಕಪಕ್ಕದ ಹೊಲದವರೇ ಕೊಂಡರು. ಇನ್ನೊಂದು ಬರೆದರು, ಮತ್ತೊಂದು ಬರೆದರು. ಅಷ್ಟರಲ್ಲಿ ಅಯೋವಾದ ಸೂ ಸಿಟಿಯಲ್ಲಿ ಸ್ವಂತ ಪುಸ್ತಕ ಕಂಪನಿ ಬೇರೆ.

1917ರ ‘ದಿ ಹೋಮ್‌ಸ್ಟೆಡರ್’ ಅವರ ಮೂರನೇ ಕಾದಂಬರಿ. ಅದು ಲಿಂಕನ್ ಮೋಷನ್ ಪಿಕ್ಚರ್ ಕಂಪನಿಯ ಕಣ್ಣಿಗೆ ಬಿತ್ತು. ಕಪ್ಪು ಜನರೇ ನಡೆಸುತ್ತಿದ್ದ ಕಂಪನಿ ಅದು. ನೋಬಲ್ ಜಾನ್ಸನ್ ಲಾಸ್ ಏಂಜಲೀಸ್‌ನಲ್ಲಿ ನಟ. ತಮ್ಮ ಜಾರ್ಜ್ ಜಾನ್ಸನ್ ಓಮಹಾದಲ್ಲಿ ಅಂಚೆ ಇಲಾಖೆಯ ನೌಕರ, ಬಿಡುವಿನಲ್ಲಿ ಕಂಪನಿಯ ವ್ಯವಹಾರ ನೋಡುತ್ತಿದ್ದವರು. ಕಾದಂಬರಿಯ ಹಕ್ಕು ಕೊಡಿ ಎಂದು 1918ರಲ್ಲಿ ಮಿಶೋಗೆ ಬರೆದರು. ಮಿಶೋ ಒಪ್ಪಿದರು, ಆದರೆ ಷರತ್ತು ಹಾಕಿದರು. ಸಿನಿಮಾ ಮಾಡುವಾಗ ಎಲ್ಲದರಲ್ಲೂ ತನ್ನ ಕೈ ಇರಬೇಕು, ಸಿನಿಮಾ ದೊಡ್ಡದಾಗಿರಬೇಕು. ಕ್ಯಾಮೆರಾ ಮುಟ್ಟದ ಮನುಷ್ಯನ ಕೈಗೆ ಸಿನಿಮಾ ಕೊಡಲು ಜಾನ್ಸನ್ ಸೋದರರಿಗೆ ಮನಸ್ಸು ಬರಲಿಲ್ಲ. ಅವರು ಮಾಡುತ್ತಿದ್ದದ್ದು ಎರಡು ಮೂರು ರೀಲಿನ ಪುಟ್ಟ ಚಿತ್ರಗಳು. ಮಾತು ಮುರಿಯಿತು.

ಸಿನಿಮಾ ಹೇಗೆ ಮಾಡುತ್ತಾರೆ ಎಂಬುದು ಮಿಶೋಗೆ ಗೊತ್ತಿರಲಿಲ್ಲ. ಬಾಗಿಲು ತಟ್ಟುವುದು ಗೊತ್ತಿತ್ತು. ಪುಸ್ತಕ ಕಂಪನಿಯನ್ನೇ ಮಿಶೋ ಫಿಲ್ಮ್ ಅಂಡ್ ಬುಕ್ ಕಂಪನಿ ಮಾಡಿದರು. ಸೂ ಸಿಟಿಯ ಸುತ್ತಮುತ್ತ ರೈತರಿಗೆ, ವ್ಯಾಪಾರಿಗಳಿಗೆ ಷೇರು ಮಾರಿದರು. ಒಂದು ಷೇರಿಗೆ 75ರಿಂದ 100 ಡಾಲರ್. ಅಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಮೆರಿಕದಲ್ಲಿ ಆಫ್ರಿಕನ್-ಅಮೆರಿಕನ್ ಒಬ್ಬರು ಮಾಡಿದ ಮೊದಲ ಪೂರ್ಣಪ್ರಮಾಣದ ಸಿನಿಮಾಕ್ಕೆ ದುಡ್ಡು ಹಾಕಿದವರಲ್ಲಿ ಬಹಳ ಜನ ಬಿಳಿಯ ರೈತರು. ದೊಡ್ಡ ಮನಸ್ಸು ಮಾಡಿ ಕೊಟ್ಟ ದಾನವಲ್ಲ ಅದು. ಈ ಮನುಷ್ಯ ಹೊಲ ಉಳುವುದನ್ನು ನೋಡಿದ್ದರು, ಪುಸ್ತಕ ತಂದುಕೊಡುತ್ತೇನೆಂದು ಹೇಳಿ ತಂದುಕೊಟ್ಟಿದ್ದನ್ನು ನೋಡಿದ್ದರು. ಸಾಲಗಾರನ ಮುಖ ಪರಿಚಯ ಇದ್ದರೆ ಸಾಲ ಹುಟ್ಟುತ್ತದೆ.

ಎಂಟು ರೀಲಿನ ಆ ಸಿನಿಮಾ 1919ರ ಫೆಬ್ರುವರಿ 20ರಂದು ಶಿಕಾಗೊದಲ್ಲಿ ತೆರೆ ಕಂಡಿತು. ಈಗ ಅದರ ಒಂದು ತುಣುಕೂ ಉಳಿದಿಲ್ಲ.

ಎರಡನೇ ಪ್ರಶ್ನೆ: ನೋಡಿದವರು ಯಾರು? ಅದಕ್ಕೆ ಮುಂಚೆ ಆ ಕಾಲ ಹೇಗಿತ್ತು ಅಂತ ತಿಳಿಯಬೇಕು. ನಾಲ್ಕು ವರ್ಷ ಹಿಂದೆ, 1915ರಲ್ಲಿ, ‘ದಿ ಬರ್ತ್ ಆಫ್ ಎ ನೇಷನ್’ ಬಂದಿತ್ತು. ಕಪ್ಪು ಗಂಡಸರನ್ನು ಅತ್ಯಾಚಾರಿಗಳಂತೆ, ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪನ್ನು ರಕ್ಷಕರಂತೆ ತೋರಿಸಿದ ಸಿನಿಮಾ. ಅದನ್ನು ಶ್ವೇತಭವನದಲ್ಲೂ ಹಾಕಿ ನೋಡಿದ್ದರು. 1919ರ ಜುಲೈನಲ್ಲಿ ಶಿಕಾಗೊದಲ್ಲಿ ಜನಾಂಗ ಗಲಭೆ ಎದ್ದಿತು. ಸರೋವರದಲ್ಲಿ ಈಜುತ್ತಾ ಬಿಳಿಯರ ದಡದ ಕಡೆಗೆ ತೇಲಿಹೋದ ಕಪ್ಪು ಹುಡುಗನಿಗೆ ಕಲ್ಲು ಬಿತ್ತು, ಆತ ಮುಳುಗಿ ಸತ್ತ. ಅಲ್ಲಿಂದ ಹೊತ್ತಿದ ಬೆಂಕಿಗೆ 38 ಜನ ಬಲಿಯಾದರು, ಅದರಲ್ಲಿ 23 ಮಂದಿ ಕಪ್ಪು ಜನ.

ಆರು ತಿಂಗಳೂ ಕಳೆದಿರಲಿಲ್ಲ. ಅದೇ ಶಿಕಾಗೊದಲ್ಲಿ, 1920ರ ಜನವರಿಯಲ್ಲಿ, ಮಿಶೋ ‘ವಿದಿನ್ ಅವರ್ ಗೇಟ್ಸ್’ ಸಿನಿಮಾ ಬಿಡುಗಡೆ ಮಾಡಿದರು. ಇದರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಮಿಶೋ ಬರೀ ಮಾರಾಟಗಾರ ಅಂದುಕೊಂಡರೆ ಅದೂ ತಪ್ಪು.

ಸಿಲ್ವಿಯಾ ಎಂಬ ಟೀಚರ್ ದಕ್ಷಿಣದ ಕಪ್ಪು ಮಕ್ಕಳ ಶಾಲೆಗೆ ಚಂದಾ ಎತ್ತಲು ಬಾಸ್ಟನ್‌ಗೆ ಹೋಗುತ್ತಾಳೆ. ಕತೆಯ ಕೊನೆಗೆ ಅವಳ ಹಿಂದಿನ ಬದುಕು ತೆರೆದುಕೊಳ್ಳುತ್ತದೆ. ಅವಳನ್ನು ಸಾಕಿದ ಅಪ್ಪ ಜಾಸ್ಪರ್, ಬಿಳಿಯ ಜಮೀನ್ದಾರನ ಹೊಲವನ್ನು ಪಾಲಿಗೆ ಮಾಡುವವನು. ಸಿಲ್ವಿಯಾ ಓದಿದವಳಲ್ಲವೇ, ಮನೆಯ ಲೆಕ್ಕ ಬರೆದಿಡುತ್ತಾಳೆ. ಜಾಸ್ಪರ್ ಆ ಲೆಕ್ಕದ ಕಾಗದ ಹಿಡಿದು ಬಾಕಿ ಚುಕ್ತಾ ಮಾಡಲು ಧಣಿಯ ಮನೆಗೆ ಹೋಗುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ. ಅಷ್ಟರಲ್ಲಿ ಧಣಿಯ ಮೇಲೆ ಹಗೆ ಸಾಧಿಸುತ್ತಿದ್ದ ಇನ್ನೊಬ್ಬ ಬಿಳಿಯ ಕಿಟಕಿಯಿಂದ ಗುಂಡು ಹಾರಿಸುತ್ತಾನೆ. ಧಣಿ ಸಾಯುತ್ತಾನೆ. ಅಪವಾದ ಜಾಸ್ಪರ್ ಮೇಲೆ. ‘ಜಾಸ್ಪರೇ ಕೊಂದದ್ದು’ ಎಂದು ಊರೆಲ್ಲ ಸಾರಿದವನು ಎಫ್ರೆಮ್, ಧಣಿಯ ಮನೆಯ ಕಪ್ಪು ಆಳು. ಬಿಳಿಯರು ನನ್ನ ಕಡೆ ಅಂತ ಅವನ ನಂಬಿಕೆ. ಜಾಸ್ಪರ್ ಸಿಗುವುದು ತಡವಾಯಿತು. ಕಾದು ಬೇಸತ್ತ ಗುಂಪು ಎಫ್ರೆಮ್‌ನನ್ನೇ ಹಿಡಿದು ಸಾಯಿಸುತ್ತದೆ. ಆಮೇಲೆ ಜಾಸ್ಪರ್, ಅವನ ಹೆಂಡತಿ ಇಬ್ಬರನ್ನೂ ಕೊಲ್ಲುತ್ತಾರೆ.

ಅದೇ ಹೊತ್ತಿಗೆ ಧಣಿಯ ತಮ್ಮ ಸಿಲ್ವಿಯಾ ಮೇಲೆ ಬೀಳುತ್ತಾನೆ. ಅವಳ ಎದೆಯ ಮೇಲಿನ ಹಳೆಯ ಗಾಯದ ಗುರುತು ಕಂಡು ನಿಲ್ಲುತ್ತಾನೆ. ಅವಳು ಅವನದೇ ಮಗಳು. 1915ರ ಆ ಸಿನಿಮಾ ಹೇಳಿದ್ದನ್ನು ಮಿಶೋ ಹೀಗೆ ತಲೆಕೆಳಗು ಮಾಡಿದರು. ಒಂದು ಕಡೆ ಗುಂಪಿನ ಕೊಲೆ, ಇನ್ನೊಂದು ಕಡೆ ಬಿಳಿಯ ಗಂಡಸಿನ ದೌರ್ಜನ್ಯ. ಎರಡನ್ನೂ ಒಂದರ ನಡುವೆ ಒಂದು ಕತ್ತರಿಸಿ ತೋರಿಸಿದ್ದಾರೆ. ಇವತ್ತು ನೋಡಿದರೂ ಮೈ ಬಿಸಿಯಾಗುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಲೆಕ್ಕದ ಕಾಗದ. ಓದು ಬರಹ ಕಲಿತ ಹುಡುಗಿ ಲೆಕ್ಕ ಇಟ್ಟಿದ್ದೇ ಅಪರಾಧ ಎನ್ನುವ ಹಾಗೆ ಇಡೀ ಅನಾಹುತ ಅಲ್ಲಿಂದ ಶುರುವಾಗುತ್ತದೆ.

ಸೆನ್ಸಾರ್‌ನವರು ಗಲಭೆ ಮರುಕಳಿಸುತ್ತದೆಂದು ಹೆದರಿದರು. ಹಲವು ಊರುಗಳಲ್ಲಿ ಕತ್ತರಿ ಬಿತ್ತು. ದಕ್ಷಿಣದ ಕೆಲವು ಕಡೆ ತೋರಿಸಲೇ ಬಿಡಲಿಲ್ಲ. ಮಿಶೋ ಏನು ಮಾಡಿದರು? ಕತ್ತರಿಸಿದ ಭಾಗ ಮತ್ತೆ ಸೇರಿಸಿದೆ, ಬಂದು ನೋಡಿ ಅಂತ ಅದನ್ನೇ ಜಾಹೀರಾತು ಮಾಡಿದರು. ವ್ಯಾಪಾರಿ ಬುದ್ಧಿ ಅಲ್ಲೂ ಬಿಡಲಿಲ್ಲ.

ಪ್ರೇಕ್ಷಕರು ಯಾರೆಂದರೆ, ಕಪ್ಪು ಜನ. ಆಗ ಅವರಿಗೆಂದೇ ಮಾಡುತ್ತಿದ್ದ ಚಿತ್ರಗಳಿಗೆ ‘ರೇಸ್ ಸಿನಿಮಾ’ ಎಂಬ ಹೆಸರಿತ್ತು, ರೇಸ್ ಅಂದರೆ ಇಲ್ಲಿ ಜನಾಂಗ. ಉತ್ತರದ ನಗರಗಳಲ್ಲಿ ಅವರ ಬಡಾವಣೆಯ ಥಿಯೇಟರ್‌ಗಳಿದ್ದವು. ದಕ್ಷಿಣದಲ್ಲಿ ಬಿಳಿಯರ ಥಿಯೇಟರ್‌ಗಳು ಕಪ್ಪು ಜನರಿಗೆ ಮಧ್ಯರಾತ್ರಿಯ ಆಟ ಬಿಟ್ಟುಕೊಡುತ್ತಿದ್ದವು. ಹಾಲಿವುಡ್ ಈ ಜನರನ್ನು ಪ್ರೇಕ್ಷಕರೆಂದೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇವರ ಮುಖ, ಮನೆ, ಮದುವೆ, ಜಗಳ, ವ್ಯವಹಾರ ಪರದೆ ಮೇಲೆ ಎಲ್ಲೂ ಇರಲಿಲ್ಲ. ಲಾಯರ್, ಡಾಕ್ಟರ್, ಪತ್ತೇದಾರ, ರೈತ, ಹೀಗೆ ಕಪ್ಪು ಪಾತ್ರಗಳನ್ನು ಮಿಶೋ ತಂದರು. ವ್ಯಾಲೆಂಟಿನೊ ಅಂದರೆ ಆಗಿನ ಹಾಲಿವುಡ್‌ನ ಹೆಸರಾಂತ ನಾಯಕ ನಟ; ತಮ್ಮ ನಟರನ್ನು ‘ಕಪ್ಪು ವ್ಯಾಲೆಂಟಿನೊ’ ಎಂಬಂಥ ಹೆಸರಿಟ್ಟು ಪ್ರಚಾರ ಮಾಡಿದರು. ಹಾಲಿವುಡ್‌ನ ಹೊಳಪನ್ನೇ ಎರವಲು ತಂದು ಮಾರುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಆದರೆ ಹಂಚಿಕೆ? ಅದೇ ದೊಡ್ಡ ತಲೆನೋವು. ಸಿನಿಮಾ ಮಾಡಿದರೆ ಸಾಲದು, ಊರೂರಿಗೆ ಡಬ್ಬಿ ತಲುಪಬೇಕು. ಮಿಶೋ ಕಾರು ಹತ್ತಿ ಥಿಯೇಟರ್‌ನಿಂದ ಥಿಯೇಟರ್‌ಗೆ ಹೊರಟರು. ಕೈಯಲ್ಲಿ ಈಗಿನ ಸಿನಿಮಾದ ಪ್ರಿಂಟು, ಚೀಲದಲ್ಲಿ ಮುಂದಿನ ಸಿನಿಮಾದ ಫೋಟೊ ಮತ್ತು ಕತೆ. ಆರಡಿ ದಾಟಿದ ಎತ್ತರ, ಗಟ್ಟಿ ಮೈಕಟ್ಟು, ಉದ್ದನೆ ಕೋಟು. ನೋಡಿದರೆ ಭಾರಿ ಕುಳವೇ ಬಂದಂತೆ. ಇದನ್ನು ತೋರಿಸುತ್ತಲೇ ಮುಂದಿನದಕ್ಕೆ ಮಾಲೀಕರಿಂದ ಅಡ್ವಾನ್ಸ್ ಇಸಿದುಕೊಳ್ಳುತ್ತಿದ್ದರು. ನಮ್ಮ ಗಾಂಧಿನಗರದಲ್ಲಿ ಹಂಚಿಕೆದಾರರ ಅಡ್ವಾನ್ಸ್ ನಂಬಿ ಸಿನಿಮಾ ಶುರು ಮಾಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಆ ಅಡ್ವಾನ್ಸ್‌ನಲ್ಲಿ ಸಿನಿಮಾ ಮುಗಿಸಿ, ಮತ್ತೆ ಕಾರು ಹತ್ತುವುದು. 1913ರಲ್ಲಿ ರೈತರ ಬಾಗಿಲಲ್ಲಿ ಮಾಡಿದ್ದನ್ನೇ ಈಗ ಥಿಯೇಟರ್ ಬಾಗಿಲಲ್ಲಿ ಮಾಡುತ್ತಿದ್ದರು.

ಹೀಗೆ ದುಡ್ಡು ಹೊಂದಿಸಿದರೆ ಸಿನಿಮಾ ಹೇಗೆ ಬರುತ್ತದೆ? ಒರಟಾಗಿಯೇ ಬರುತ್ತದೆ. ಪರಿಚಯದವರ ಮನೆಯಲ್ಲೇ ಶೂಟಿಂಗ್. ಬಹುತೇಕ ಒಂದೇ ಟೇಕ್. ನಟ ಮಾತು ತಪ್ಪಿ ಮತ್ತೆ ಶುರು ಮಾಡಿದರೂ ಫಿಲಂ ದುಬಾರಿ ಅಂತ ಹಾಗೇ ಬಿಟ್ಟದ್ದುಂಟು. ಕತೆ ಸೊರಗಿದ ಕಡೆ ನೈಟ್‌ಕ್ಲಬ್ಬಿನ ಹಾಡು-ಕುಣಿತ ತುರುಕುವುದು. ಇದನ್ನೆಲ್ಲ ‘ಹೊಸ ಶೈಲಿ’ ಎಂದು ಹೊಗಳುವ ವಿಮರ್ಶಕರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ದುಡ್ಡಿಲ್ಲದ್ದಕ್ಕೆ ಹಾಗಾಯಿತು, ಅಷ್ಟೇ. ದುಡ್ಡು, ಸಮಯ ಸ್ವಲ್ಪ ಸಿಕ್ಕಾಗ ಎಷ್ಟು ಚೆನ್ನಾಗಿ ಮಾಡಬಲ್ಲರು ಎಂಬುದಕ್ಕೆ 1925ರ ‘ಬಾಡಿ ಅಂಡ್ ಸೋಲ್’ ಸಾಕ್ಷಿ. ಗಾಯಕ, ನಟ ಪಾಲ್ ರೋಬ್ಸನ್ ಮೊದಲ ಬಾರಿ ತೆರೆಗೆ ಬಂದದ್ದು ಅದರಲ್ಲೇ. ಪಾತ್ರ ಯಾವುದು ಹೇಳಿ? ಕಳ್ಳ ಪಾದ್ರಿ! ಬಡ ಹೆಂಗಸು ಬೈಬಲ್ ಒಳಗೆ ಬಚ್ಚಿಟ್ಟ ಉಳಿತಾಯವನ್ನು ಹೊಡೆಯುವವನು. ನ್ಯೂಯಾರ್ಕಿನ ಸೆನ್ಸಾರ್ ಇದಕ್ಕೂ ತಗಾದೆ ತೆಗೆಯಿತು. ಕೆಟ್ಟದ್ದೆಲ್ಲ ಕನಸು ಎಂದು ತೋರಿಸಿ ಮಿಶೋ ಬಚಾವಾದರು.

ಈಗ ಕೊನೆಯ ಪ್ರಶ್ನೆ, ಗೆದ್ದರಾ? ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ, ಗೆಲುವು ಅನ್ನುವುದು ಕಷ್ಟ. 1928ರಲ್ಲಿ ಕಂಪನಿ ದಿವಾಳಿಯಾಯಿತು. ಎದ್ದು ನಿಂತು 1931ರಲ್ಲಿ ‘ದಿ ಎಕ್ಸೈಲ್’ ಮಾಡಿದರು, ಆಫ್ರಿಕನ್-ಅಮೆರಿಕನ್ ಒಬ್ಬರು ಮಾಡಿದ ಮೊದಲ ಪೂರ್ಣ ಟಾಕಿ ಅದು. ಆದರೆ ಟಾಕಿಗೆ ಬೇಕಾದ ದುಡ್ಡು ಬಾಗಿಲು ತಟ್ಟಿದರೆ ಹುಟ್ಟುವಂಥದ್ದಲ್ಲ. ನ್ಯೂಯಾರ್ಕಿನಲ್ಲಿ ಕಪ್ಪು ಜನರೇ ಹೆಚ್ಚಿದ್ದ ಹಾರ್ಲೆಮ್ ಬಡಾವಣೆಯ ಬಿಳಿಯ ಥಿಯೇಟರ್ ಮಾಲೀಕರ ಬಂಡವಾಳಕ್ಕೆ ಕೈಯೊಡ್ಡಬೇಕಾಯಿತು. ಆರ್ಥಿಕ ಕುಸಿತದಲ್ಲಿ ಥಿಯೇಟರ್‌ಗಳು ಸೊರಗಿದವು. ರೇಸ್ ಸಿನಿಮಾದಲ್ಲಿ ಕಾಸಿದೆ ಎಂದು ಗೊತ್ತಾಗಿ ಬಿಳಿಯ ನಿರ್ಮಾಪಕರೂ ಇಳಿದರು.

ಸ್ವಂತ ಜನರಿಂದಲೂ ಬೈಗುಳ ತಪ್ಪಲಿಲ್ಲ. ಬಣ್ಣ ತಿಳಿಯಾದವರನ್ನು ನಾಯಕ-ನಾಯಕಿ ಮಾಡುತ್ತಾರೆ, ಕಡುಗಪ್ಪಿನವರನ್ನು ಕೆಟ್ಟವರಾಗಿ ತೋರಿಸುತ್ತಾರೆ ಎಂಬ ದೂರು. ದೂರಿನಲ್ಲಿ ಹುರುಳಿದೆ. 1938ರಲ್ಲಿ ಇಂಥದೇ ಕಾರಣಕ್ಕೆ ನ್ಯೂಯಾರ್ಕಿನಲ್ಲಿ ಎಡಪಂಥೀಯ ಯುವಕರು ಪ್ರತಿಭಟನೆ ಮಾಡಿ ಅವರದೊಂದು ಸಿನಿಮಾವನ್ನು ಥಿಯೇಟರ್‌ನಿಂದ ಎತ್ತಿಸಿದರು. 40ರ ದಶಕದಲ್ಲಿ ಮಿಶೋ ಮತ್ತೆ ಕಾದಂಬರಿ ಬರೆದು, ತಾವೇ ಪ್ರಕಟಿಸಿ, ತಾವೇ ಮಾರಿದರು. 1948ರಲ್ಲಿ ಕೊನೆಯ ಸಿನಿಮಾ, ಮೂರು ಗಂಟೆಗೂ ಜಾಸ್ತಿ. ಪತ್ರಿಕೆಗಳು ಹರಿದು ಹಾಕಿದವು, ಜನ ಬರಲಿಲ್ಲ. 1951ರ ಮಾರ್ಚ್ 25ರಂದು, ವ್ಯವಹಾರದ ಮೇಲೆ ಊರೂರು ಸುತ್ತುತ್ತಿರುವಾಗಲೇ, ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿ ತೀರಿಕೊಂಡರು. ವಯಸ್ಸು 67. ಕ್ಯಾನ್ಸಸ್‌ನಲ್ಲಿ ಮಣ್ಣು ಮಾಡಿದರು. ಸರಿಯಾದ ಸಮಾಧಿ ಕಲ್ಲು ಬಂದದ್ದು ಎಷ್ಟೋ ವರ್ಷದ ಮೇಲೆ. ಕಲಾವಿದರ ಹೆಸರು ಕೆತ್ತುವ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ನಕ್ಷತ್ರ ಸಿಕ್ಕಿದ್ದು 1987ರಲ್ಲಿ, ಅಂಚೆಚೀಟಿ 2010ರಲ್ಲಿ.

ಹಾಗಾದರೆ ಸೋತರಾ? ಅದೂ ಅಲ್ಲ. ಮೊದಲು ಬಂದ ಲಿಂಕನ್ ಕಂಪನಿ 20ರ ದಶಕದ ಆರಂಭದಲ್ಲೇ ಬಾಗಿಲು ಹಾಕಿತು. ಅವರ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಮರೆಯಾದರು. ಸ್ಟುಡಿಯೊ, ಬ್ಯಾಂಕು, ಸರ್ಕಾರ ಯಾರೂ ಬೆನ್ನಿಗಿಲ್ಲದೆ ಮಿಶೋ ಮೂಕಿಯಿಂದ ಟಾಕಿಗೆ ದಾಟಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರಲ್ಲೇ ಅನ್ನ ದುಡಿದರು. ನಾನು ಇದನ್ನು ಗೆಲುವು ಅಂತಲೇ ಲೆಕ್ಕ ಹಾಕುತ್ತೇನೆ. ಶ್ರೀಮಂತಿಕೆಯ ಗೆಲುವು ಅಲ್ಲ, ಅಂಗಡಿ ಮುಚ್ಚದ ಗೆಲುವು.

ಈ ಸಿನಿಮಾಗಳು ನಮಗೆ ಯಾಕೆ ಗೊತ್ತಿಲ್ಲ ಅಂದರೆ, ಬಹುಪಾಲು ಉಳಿದೇ ಇಲ್ಲ. ಒಂದು ಸಿನಿಮಾಕ್ಕೆ ಬೆರಳೆಣಿಕೆಯ ಪ್ರಿಂಟು, ಅವೇ ಊರೂರು ತಿರುಗಿ ಸವೆದು ಹೋದವು. ಮೂಕಿಗಳಲ್ಲಿ ಸಿಕ್ಕಿರುವುದು ಮೂರು ಮಾತ್ರ. ‘ವಿದಿನ್ ಅವರ್ ಗೇಟ್ಸ್’ ಕೂಡ ಕಳೆದೇಹೋಯಿತು ಅಂದುಕೊಂಡಿದ್ದರು. 1970ರ ದಶಕದಲ್ಲಿ ಸ್ಪೇನ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ ‘ಲಾ ನೆಗ್ರಾ’ ಎಂಬ ಹೆಸರಿನಲ್ಲಿ ಒಂದು ಪ್ರಿಂಟು ಸಿಕ್ಕಿತು. ನಡುನಡುವೆ ಬರುವ ಬರಹದ ಫಲಕಗಳೆಲ್ಲ ಸ್ಪ್ಯಾನಿಷ್‌ನಲ್ಲಿ, ಮೂಲ ಇಂಗ್ಲಿಷ್ ಫಲಕ ಉಳಿದಿದ್ದದ್ದು ನಾಲ್ಕೇ. ಆ ನಾಲ್ಕರ ಧಾಟಿ ಮತ್ತು ಮಿಶೋ ಅವರ ಕಾದಂಬರಿಗಳ ಭಾಷೆ ನೋಡಿಕೊಂಡು ಉಳಿದದ್ದನ್ನು ಮತ್ತೆ ಇಂಗ್ಲಿಷ್‌ಗೆ ತಂದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಅದನ್ನು ಸಿದ್ಧಪಡಿಸಿತು.

ನೋಡುವ ಮನಸ್ಸಿದ್ದರೆ ಅದರಿಂದಲೇ ಶುರು ಮಾಡಿ. ಸುಮಾರು ಎಂಬತ್ತು ನಿಮಿಷ, ಹಕ್ಕಿನ ಅವಧಿ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲರ್ಧದಲ್ಲಿ ಪಾತ್ರಗಳು ಜಾಸ್ತಿ, ಯಾರು ಯಾರಿಗೆ ಏನಾಗಬೇಕು ಅಂತ ತಲೆ ಕೆಡುತ್ತದೆ. ಸುಮ್ನೆ ಮುಂದೆ ಹೋಗಿ, ಸಿಲ್ವಿಯಾಳ ಹಿಂದಿನ ಕತೆ ಬರುವವರೆಗೆ ಕಾಯಿರಿ. ಆಮೇಲೆ ‘ಬಾಡಿ ಅಂಡ್ ಸೋಲ್’ ನೋಡಿ. 30ರ ದಶಕದ ಟಾಕಿಗಳನ್ನು ಮಾತ್ರ ಮೊದಲೇ ನೋಡಬೇಡಿ. ಇಷ್ಟೇನಾ ಅನಿಸಿ ಎದ್ದು ಹೋಗಿಬಿಡುತ್ತೀರಿ.